ಕಲೆಯನ್ನೇ ಕಾಯಕ ಮಾಡಿಕೊಂಡ ಗುಬ್ಬಿ ವೀರಣ್ಣ

ಗದಗ, ಬೆಟಗೇರಿ, ಬಿಂಕದಕಟ್ಟಿ ಕಡೆಯ ಹಿರಿಯರಿಗೆ ಕಂಪನಿ ನಾಟಕ ಎಂದ ಕೂಡಲೇ ಗದಗಿನ ಗರುಡ ಸದಾಶಿವರಾಯರ ಶ್ರೀ ದತ್ತಾತ್ರೇಯ ನಾಟಕ ಮಂಡಳಿ ನೆನಪಾಗುತ್ತದೆ. ಹಳೇ ಮೈಸೂರು ಸೀಮೆಯಲ್ಲಿ ಅಂಥದೇ ಹೆಸರು ಗಳಿಸಿದ್ದು ಗುಬ್ಬಿ ಕಂಪನಿ. ಅದನ್ನು ನಾಡಿನ ಉದ್ದಗಲಕ್ಕೂ ಕೊಂಡೊಯ್ದವರು ಗುಬ್ಬಿ ವೀರಣ್ಣನವರು.

ವೀರಣ್ಣನವರು ಹುಟ್ಟಿದ್ದು 1891ರಲ್ಲಿ. ಅದಕ್ಕೂ ಮೊದಲೇ, 1884ರಲ್ಲಿ, ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಶುರುವಾಗಿತ್ತು. ಚಿಕ್ಕ ಹುಡುಗನಾಗಿದ್ದಾಗಲೇ ಅವರು ಈ ಕಂಪನಿಗೆ ಸೇರಿ ಬಣ್ಣ ಹಚ್ಚಿದರು. ಬೆಳೆದಂತೆ ಹಾಸ್ಯ ಪಾತ್ರಗಳಲ್ಲಿ ಪಳಗಿದರು. 'ಸದಾರಮೆ' ನಾಟಕದ ಕಳ್ಳನ ಪಾತ್ರ ಅವರಿಗೆ ಬಹು ದೊಡ್ಡ ಹೆಸರು ತಂದಿತು. ಕಥಾನಾಯಕನಲ್ಲದ ಒಬ್ಬ ಕಳ್ಳನನ್ನು ನೋಡಲೆಂದೇ ಜನ ಟಿಕೆಟ್ ಕೊಳ್ಳುತ್ತಿದ್ದರು.

1917ರಲ್ಲಿ ಕಂಪನಿಯ ಹೊಣೆ ಅವರ ಹೆಗಲಿಗೆ ಬಂತು. ಊರಿಂದೂರಿಗೆ ತಿರುಗುವ ಕಂಪನಿ ನಡೆಸುವುದು ಸಣ್ಣ ವ್ಯವಹಾರವಲ್ಲ. ನಟರು, ವಾದ್ಯದವರು, ಪರದೆ ಬರೆಯುವವರು, ಅಡುಗೆಯವರು, ಅವರ ಹೆಂಡತಿ ಮಕ್ಕಳು ಎಲ್ಲರಿಗೂ ಊಟ, ವಸತಿ, ಸಂಬಳ ಆಗಬೇಕು. ಮಳೆ ಬಂದು ಆಟ ನಿಂತರೂ ಖರ್ಚು ನಿಲ್ಲುವುದಿಲ್ಲ. ಈ ಹೊರೆಯ ನಡುವೆಯೂ ವೀರಣ್ಣನವರು ಗಳಿಸಿದ್ದನ್ನು ಮತ್ತೆ ರಂಗಭೂಮಿಗೇ ಸುರಿದರು. ಬಿ. ಪುಟ್ಟಸ್ವಾಮಯ್ಯನವರ 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಹೆಣ್ಣು ಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದ ಕಾಲದಲ್ಲಿ ನಟಿಯರಿಗೆ ಅವಕಾಶ ಕೊಟ್ಟರು. ಅವರ ಪತ್ನಿ ಬಿ. ಜಯಮ್ಮನವರು ನಾಟಕ, ಸಿನಿಮಾ ಎರಡರಲ್ಲೂ ಹೆಸರಾಂತ ನಟಿಯಾದರು.

ಮೂಕಿ ಚಿತ್ರಗಳ ಕಾಲದಲ್ಲಿ ವೀರಣ್ಣನವರು ಸಿನಿಮಾಕ್ಕೂ ಬಂಡವಾಳ ಹಾಕಿದರು. ಆ ಸಂಸ್ಥೆ ಹೆಚ್ಚು ಕಾಲ ಬಾಳಲಿಲ್ಲ. ಆದರೂ ಅವರು ಆ ದಾರಿ ಬಿಡಲಿಲ್ಲ. 1954ರ 'ಬೇಡರ ಕಣ್ಣಪ್ಪ' ಚಿತ್ರದ ನಿರ್ಮಾಣದಲ್ಲಿ ಅವರ ಪಾಲಿತ್ತು. ಆ ಚಿತ್ರದಲ್ಲಿ ನಾಯಕನಾಗಿ ಬಂದ ರಾಜ್‌ಕುಮಾರ್ ಗುಬ್ಬಿ ಕಂಪನಿಯ ಹುಡುಗ. ಅವರ ತಂದೆ ಪುಟ್ಟಸ್ವಾಮಯ್ಯನವರೂ ಅದೇ ಕಂಪನಿಯ ನಟರು. ನರಸಿಂಹರಾಜು, ಜಿ. ವಿ. ಅಯ್ಯರ್ ಅವರೂ ಇಲ್ಲಿಯೇ ಪಳಗಿದವರು.

ವೀರಣ್ಣನವರ ದೊಡ್ಡ ಗುಣ ತಿಳಿಯಬೇಕಾದರೆ ಬಿ. ವಿ. ಕಾರಂತರ ಸಂಗತಿ ನೋಡಬೇಕು. ದಕ್ಷಿಣ ಕನ್ನಡದ ಮಂಚಿಯ ಈ ಹುಡುಗ ಮನೆ ಬಿಟ್ಟು ಓಡಿ ಬಂದು ಕಂಪನಿ ಸೇರಿದ್ದ. ಅವನನ್ನು ಪಾತ್ರಗಳಿಗಷ್ಟೇ ದುಡಿಸಿಕೊಳ್ಳಬಹುದಿತ್ತು. ಆದರೆ ವೀರಣ್ಣನವರು ಅವನನ್ನು ಓದಲು ಕಾಶಿಗೆ ಕಳಿಸಿದರು. ಓದಿದ ಹುಡುಗ ಕಂಪನಿಗೆ ಮರಳಿ ಬರುವನೆಂಬ ಭರವಸೆ ಏನೂ ಇರಲಿಲ್ಲ. ಅದೇ ಕಾರಂತರು ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, ಮೈಸೂರಿನ ರಂಗಾಯಣವನ್ನು ಕಟ್ಟಿದರು. ತನ್ನ ಲೆಕ್ಕದ ಪುಸ್ತಕದಲ್ಲಿ ಲಾಭವಾಗಿ ಕಾಣದ ಇಂಥ ಖರ್ಚೇ ನಾಡಿಗೆ ಆಸ್ತಿಯಾಯಿತು.

ಮೈಸೂರು ಮಹಾರಾಜರಿಂದ 'ನಾಟಕ ರತ್ನ' ಬಿರುದು, ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1972ರಲ್ಲಿ ಪದ್ಮಶ್ರೀ ಅವರಿಗೆ ಸಂದವು. ಅದೇ ವರ್ಷ ಅಕ್ಟೋಬರ್ 18ರಂದು ವೀರಣ್ಣನವರು ತೀರಿಕೊಂಡರು. ಅವರ ಆತ್ಮಕಥೆಯ ಹೆಸರು 'ಕಲೆಯೇ ಕಾಯಕ'. ಮೊಮ್ಮಗಳು ಬಿ. ಜಯಶ್ರೀ ಅವರು ಅಜ್ಜನ ದಾರಿಯಲ್ಲೇ ನಡೆದು 2013ರಲ್ಲಿ ಪದ್ಮಶ್ರೀ ಪಡೆದರು. ಕರ್ನಾಟಕ ಸರ್ಕಾರ ಹಿರಿಯ ರಂಗಕರ್ಮಿಗಳಿಗೆ ಕೊಡುವ ಪ್ರಶಸ್ತಿಗೂ ಗುಬ್ಬಿ ವೀರಣ್ಣನವರದೇ ಹೆಸರು. ಬಣ್ಣ ಹಚ್ಚುವವರನ್ನು ಸಮಾಜ ಕೀಳಾಗಿ ಕಾಣುತ್ತಿದ್ದ ದಿನಗಳಲ್ಲಿ ನೂರಾರು ಕುಟುಂಬಗಳಿಗೆ ಅನ್ನ ಮತ್ತು ಮರ್ಯಾದೆ ಎರಡನ್ನೂ ಕೊಟ್ಟ ಹಿರಿಯರನ್ನು ನಮ್ಮ ಮಕ್ಕಳಿಗೂ ಪರಿಚಯಿಸೋಣ.