ಕೆ. ಶೇಷಾದ್ರಿ ಅಯ್ಯರ್

ಸರ್ ಕುಮಾರಪುರಂ ಶೇಷಾದ್ರಿ ಅಯ್ಯರ್ (ಜೂನ್ 1, 1845 – ಸೆಪ್ಟೆಂಬರ್ 13, 1901) ಮೈಸೂರು ಸಂಸ್ಥಾನದ ದಿವಾನರಾಗಿದ್ದರು. 1883ರಿಂದ 1901ರವರೆಗೆ, ಹದಿನೆಂಟು ವರ್ಷಗಳ ಕಾಲ ಆ ಹುದ್ದೆಯಲ್ಲಿದ್ದ ಅವರು ಸಂಸ್ಥಾನದ ಇತಿಹಾಸದಲ್ಲಿ ಬಹು ದೀರ್ಘ ಅವಧಿಯ ದಿವಾನರಲ್ಲಿ ಒಬ್ಬರು. ಶಿವನಸಮುದ್ರದ ಜಲವಿದ್ಯುತ್ ಯೋಜನೆಯಿಂದಾಗಿ ಅವರ ಹೆಸರು ಹೆಚ್ಚು ಪ್ರಸಿದ್ಧವಾಗಿದೆ. ಆದರೆ ಬೆಂಗಳೂರಿನ ಜನರ ದಿನನಿತ್ಯದ ಬದುಕನ್ನು ನೇರವಾಗಿ ಬದಲಿಸಿದ್ದು ಹೆಸರಘಟ್ಟದ ಕುಡಿಯುವ ನೀರಿನ ಯೋಜನೆ ಹಾಗೂ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ನಿರ್ಮಾಣ. ಈ ಲೇಖನದಲ್ಲಿ ಆ ಎರಡು ಕಾರ್ಯಗಳಿಗೆ ಹೆಚ್ಚಿನ ಸ್ಥಳ ಕೊಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಶೇಷಾದ್ರಿ ಅಯ್ಯರ್ ಅವರು ಮಲಬಾರಿನ ಪಾಲಕ್ಕಾಡ್ ಸಮೀಪದ ಕುಮಾರಪುರಂ ಎಂಬ ಊರಿನ ತಮಿಳು ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ತಂದೆ ಅನಂತನಾರಾಯಣ ಅಯ್ಯರ್ ಕಲ್ಲಿಕೋಟೆಯಲ್ಲಿ ವಕೀಲರಾಗಿದ್ದರು. ಕಲ್ಲಿಕೋಟೆಯಲ್ಲಿ ಆರಂಭದ ಶಿಕ್ಷಣ ಪಡೆದು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ 1868ರಲ್ಲಿ ಬಿ.ಎ. ಪದವಿ ಗಳಿಸಿದರು. ಮುಂದೆ ನೌಕರಿಯಲ್ಲಿರುವಾಗಲೇ ಕಾನೂನು ಪದವಿಯನ್ನೂ ಪಡೆದರು.

ಮೈಸೂರಿನ ಸೇವೆಗೆ ಪ್ರವೇಶ

ಪದವಿ ಪಡೆದ ವರ್ಷವೇ ಸಿ. ರಂಗಾಚಾರ್ಲು ಅವರ ಆಹ್ವಾನದ ಮೇರೆಗೆ ಮೈಸೂರಿಗೆ ಬಂದು ಅಷ್ಟಗ್ರಾಮ ವಿಭಾಗದಲ್ಲಿ ನ್ಯಾಯಾಂಗ ಶಿರಸ್ತೇದಾರರಾಗಿ ಸೇರಿದರು. ಆಗ ಸಂಸ್ಥಾನವು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಶಿರಸ್ತೇದಾರಿಕೆಯಿಂದ ಮೇಲೇರಿ ತುಮಕೂರು ಜಿಲ್ಲೆಯ ಡೆಪ್ಯುಟಿ ಕಮಿಷನರ್, ಜಿಲ್ಲಾ ನ್ಯಾಯಾಧೀಶರ ಹುದ್ದೆಗಳವರೆಗೂ ಬಂದ ಅವರಿಗೆ ತಾಲ್ಲೂಕು ಕಚೇರಿಯ ಕಡತವೂ ತಿಳಿದಿತ್ತು, ಹಳ್ಳಿಯ ಕೆರೆಯ ಸ್ಥಿತಿಯೂ ತಿಳಿದಿತ್ತು. ಈ ಅವಧಿಯಲ್ಲೇ, 1876–78ರಲ್ಲಿ, ಸಂಸ್ಥಾನವು ಭೀಕರ ಕ್ಷಾಮಕ್ಕೆ ತುತ್ತಾಯಿತು. ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗ ನಾಶವಾಯಿತು. ಬೊಕ್ಕಸದ ಮೇಲೆ 80 ಲಕ್ಷ ರೂಪಾಯಿಗಳ ಸಾಲ ಬಿತ್ತು. ನೀರಿಲ್ಲದಿದ್ದರೆ ರಾಜ್ಯವೇ ಇಲ್ಲ ಎಂಬುದನ್ನು ಆ ತಲೆಮಾರಿನ ಅಧಿಕಾರಿಗಳು ಕಣ್ಣಾರೆ ಕಂಡಿದ್ದರು. ದಿವಾನರಾದ ಮೇಲೆ ಶೇಷಾದ್ರಿ ಅಯ್ಯರ್ ಕೆರೆ ಕಾಲುವೆಗಳಿಗೆ ಅಷ್ಟು ಹಣ ಸುರಿದುದರ ಹಿಂದೆ ಈ ಅನುಭವವಿದೆ ಎಂದು ಭಾವಿಸುವುದು ತಪ್ಪಾಗದು.

1881ರ ಮಾರ್ಚ್ 25ರಂದು ಆಡಳಿತವು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಮರಳಿ ಬಂದಿತು. ಮೊದಲ ದಿವಾನರಾದ ರಂಗಾಚಾರ್ಲು 1883ರ ಜನವರಿಯಲ್ಲಿ ನಿಧನರಾದರು. ಮುಂದಿನ ತಿಂಗಳು, ಮೂವತ್ತೆಂಟು ವರ್ಷವೂ ತುಂಬದ ಶೇಷಾದ್ರಿ ಅಯ್ಯರ್ ದಿವಾನರಾಗಿ ನೇಮಕಗೊಂಡರು. 1894ರ ಡಿಸೆಂಬರ್‌ನಲ್ಲಿ ಮಹಾರಾಜರು ಕಲ್ಕತ್ತೆಯಲ್ಲಿ ಅಕಾಲ ಮರಣವನ್ನಪ್ಪಿದಾಗ ಯುವರಾಜರು ಇನ್ನೂ ಬಾಲಕರು. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾದರು. ಅಲ್ಲಿಂದ ಮುಂದೆ ಆಡಳಿತದ ಭಾರವೆಲ್ಲ ಬಹುಮಟ್ಟಿಗೆ ದಿವಾನರ ಮೇಲೆಯೇ ಇದ್ದಿತು.

ಬೆಂಗಳೂರಿನ ನೀರಿನ ಬವಣೆ

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಊರಿನ ಪಕ್ಕದಲ್ಲಿ ತುಂಬಿ ಹರಿಯುವ ನದಿಯಿಲ್ಲ. ಪೇಟೆಯ ಜನರು ಧರ್ಮಾಂಬುಧಿ, ಸಂಪಂಗಿ ಮೊದಲಾದ ಕೆರೆಗಳನ್ನೂ ಕಲ್ಯಾಣಿಗಳನ್ನೂ ಬಾವಿಗಳನ್ನೂ ನಂಬಿ ಬದುಕುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಕೆರೆ ಬತ್ತುತ್ತಿತ್ತು. ಮಳೆ ಬಂದ ವರ್ಷ ಬೀದಿಯ ಕೊಚ್ಚೆಯೆಲ್ಲ ಅದೇ ಕೆರೆಗೆ ಸೇರುತ್ತಿತ್ತು. 1891ರ ಜನಗಣತಿಯ ಪ್ರಕಾರ ನಗರ ಮತ್ತು ದಂಡು ಎರಡೂ ಸೇರಿ ಸುಮಾರು 1,80,000 ಜನರಿದ್ದರು. ದಂಡು ಪ್ರದೇಶವು ಬ್ರಿಟಿಷ್ ರೆಸಿಡೆಂಟರ ಅಧೀನದಲ್ಲಿತ್ತು, ಪೇಟೆಯು ಮೈಸೂರು ಸರ್ಕಾರದ್ದು. ದಂಡಿನ ನೀರಿಗಾಗಿ 1882ರಲ್ಲಿ ಸ್ಯಾಂಕಿ ಕೆರೆ ಆಗಿತ್ತಾದರೂ ಇಷ್ಟು ಜನಕ್ಕೆ ಅದು ಯಾವ ಮೂಲೆಗೂ ಸಾಲುತ್ತಿರಲಿಲ್ಲ.

ಇಲ್ಲಿ ಒಂದು ಹೋಲಿಕೆ ಅಪ್ರಸ್ತುತವಾಗಲಾರದು. ಅಂದು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಬೀದರ್ ನಗರವೂ ನದಿಯಿಲ್ಲದ ಎತ್ತರದ ನೆಲದಲ್ಲಿಯೇ ಇದೆ. ಅಲ್ಲಿ ಬಹಮನಿ ಕಾಲದವರು ಜಂಬಿಟ್ಟಿಗೆ ಕಲ್ಲಿನ ನೆಲದಡಿ ತುಸುವೇ ಇಳಿಜಾರಾದ ಸುರಂಗಗಳನ್ನು ಕೊರೆದು, ನಡುನಡುವೆ ಬಾವಿಯಂಥ ಕಿಂಡಿಗಳನ್ನು ತೆರೆದು, ಅಂತರ್ಜಲವು ತಾನಾಗಿಯೇ ಹರಿದು ಬರುವಂತೆ ಮಾಡಿದ್ದರು. ಪರ್ಷಿಯಾದಿಂದ ಬಂದ ಈ ವಿಧಾನಕ್ಕೆ ಕರೇಜ್ ಎಂದು ಹೆಸರು. ನೌಬಾದಿನಲ್ಲಿ ಅದನ್ನು ಈಗಲೂ ನೋಡಬಹುದು. ಭಾಲ್ಕಿ, ಔರಾದ್ ಕಡೆಯ ಹಳ್ಳಿಗಳಿಗೆ ಆ ಅನುಕೂಲವಿರಲಿಲ್ಲ. ಅವರಿಗೆ ಬಾವಿ, ಹಳ್ಳ, ಮಾಂಜ್ರಾ ನದಿಗಳೇ ಗತಿ. ಬೆಂಗಳೂರಿನ ನೆಲದಡಿ ಇರುವುದು ಗಟ್ಟಿ ಕಗ್ಗಲ್ಲು. ಊರಿನೊಳಗಿನ ಕೆರೆಗಳು ಸಾಲದಾದಾಗ ನೀರನ್ನು ಹೊರಗಿನಿಂದಲೇ ತರಬೇಕಾಗಿತ್ತು.

ಹೆಸರಘಟ್ಟ ಯೋಜನೆ

ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿ ನದಿಗೆ ಅಡ್ಡಲಾಗಿ, ನಗರದ ವಾಯವ್ಯಕ್ಕೆ ಹೆಸರಘಟ್ಟದಲ್ಲಿ ಹಳೆಯ ಕೆರೆಯೊಂದಿತ್ತು. ಅದನ್ನು ದೊಡ್ಡ ಜಲಾಶಯವನ್ನಾಗಿ ಕಟ್ಟಿ, ಅಲ್ಲಿಂದ ಎರಡೂ ಭಾಗಗಳಿಗೆ ಶೋಧಿಸಿದ ನೀರು ಕೊಡುವ ಯೋಜನೆಯನ್ನು ದಿವಾನರು ಕೈಗೆತ್ತಿಕೊಂಡರು. ಇದಕ್ಕೆ ಮಹಾರಾಜರ ಹೆಸರಿನಲ್ಲಿ ಚಾಮರಾಜೇಂದ್ರ ವಾಟರ್ ವರ್ಕ್ಸ್ ಎಂದು ಹೆಸರಿಡಲಾಯಿತು. 1894ರಲ್ಲಿ ಕಾರ್ಯ ರೂಪ ತಳೆಯಿತು. 1896ರಲ್ಲಿ ಕೊಳವೆಗಳ ಮೂಲಕ ನಗರಕ್ಕೆ ನೀರು ಬಂದಿತು. ಯಾರ ಹೆಸರನ್ನು ಹೊತ್ತಿತ್ತೋ ಆ ಮಹಾರಾಜರು ಅಷ್ಟರಲ್ಲಿ ಗತಿಸಿದ್ದರು.

ಹೆಸರಘಟ್ಟದಿಂದ ನೀರು ಇಟ್ಟಿಗೆಯ ಕಾಲುವೆಯಲ್ಲಿ ಇಳಿಜಾರಿನ ಬಲದಿಂದಲೇ ಸೋಲದೇವನಹಳ್ಳಿಯ ಪಂಪುಮನೆಗೆ ಬರುತ್ತಿತ್ತು. ಅಲ್ಲಿ ಹಬೆಯ ಯಂತ್ರಗಳು ಅದನ್ನು ಎತ್ತರಕ್ಕೆ ತಳ್ಳುತ್ತಿದ್ದವು. ಮಲ್ಲೇಶ್ವರದ ಬದಿಯಲ್ಲಿ ಶೋಧಿಸಿ ಬೀದಿ ಬೀದಿಯ ನಲ್ಲಿಗಳಿಗೆ ಬಿಡಲಾಗುತ್ತಿತ್ತು. ಮಲ್ಲೇಶ್ವರದ ಆ ಶೋಧಕಾಗಾರವನ್ನು ಹಳಬರು ಜ್ಯುವೆಲ್ ಫಿಲ್ಟರ್ ಎಂದೇ ಕರೆಯುತ್ತಾರೆ. ವಿದ್ಯುತ್ತು ಇನ್ನೂ ಬಂದಿರದ ಕಾಲವದು. ಇಡೀ ನಗರದ ಬಾಯಾರಿಕೆ ಕೆಲವು ಹಬೆ ಯಂತ್ರಗಳ ಮೇಲೆ ನಿಂತಿತ್ತು.

ಬೀದಿ ನಲ್ಲಿ ಬಂದುದರಿಂದ ಆದ ಬದಲಾವಣೆಯನ್ನು ಇಂದಿನವರು ಊಹಿಸುವುದು ಕಷ್ಟ. ಬಾವಿಗೆ ಒಡೆಯನಿರುತ್ತಿದ್ದ, ಯಾರು ಸೇದಬಹುದು, ಯಾರು ದೂರ ನಿಲ್ಲಬೇಕು ಎಂಬ ಜಾತಿಯ ಕಟ್ಟಳೆ ಇರುತ್ತಿತ್ತು. ಬೀದಿಯ ನಲ್ಲಿ ಸರ್ಕಾರದ್ದು. ಅದರಿಂದ ಕಟ್ಟಳೆಗಳು ಅಳಿದುಹೋದವೆಂದು ಹೇಳಲಾಗದು. ಆದರೆ ಕುಡಿಯುವ ನೀರು ಕೊಡುವುದು ಸರ್ಕಾರದ ಹೊಣೆ ಎಂಬ ಭಾವನೆ ಇಲ್ಲಿ ಬೇರೂರತೊಡಗಿದ್ದು ಆಗಲೇ. ಯೋಜನೆಯಲ್ಲಿ ಕೊರತೆಯೂ ಇತ್ತು. ನೀರು ಒಳಗೆ ಬಂದಷ್ಟು ಕೊಳಚೆ ಹೊರಗೆ ಹೋಗಬೇಕು, ಆದರೆ ಒಳಚರಂಡಿ ವ್ಯವಸ್ಥೆ ಬೆಂಗಳೂರಿಗೆ ಬಹಳ ತಡವಾಗಿ ಬಂದಿತು. ಒಂದೇ ಸಣ್ಣ ನದಿಯ ಮೇಲಿನ ಅವಲಂಬನೆಯೂ ಅಪಾಯವೇ ಆಗಿತ್ತು. 1920ರ ದಶಕದಲ್ಲಿ ಹೆಸರಘಟ್ಟ ಸಾಲದಾಯಿತು. 1933ರಲ್ಲಿ ಅದೇ ಅರ್ಕಾವತಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಇನ್ನೊಂದು ಜಲಾಶಯ ಕಟ್ಟಬೇಕಾಯಿತು. ಕಾವೇರಿ ನೀರು ಬಂದದ್ದು 1974ರಲ್ಲಿ.

ಬಡಾವಣೆಗಳು ಮತ್ತು ಪ್ಲೇಗು

ಹಳೆಯ ಪೇಟೆಯ ಬೀದಿಗಳು ಕಿರಿದು. ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದು ಗಾಳಿ ಬೆಳಕು ಕಡಿಮೆ. ದವಸದ ಮಂಡಿಗಳ ಮಗ್ಗುಲಲ್ಲೇ ಜನ ವಾಸಿಸುತ್ತಿದ್ದರು. ಈ ದಟ್ಟಣೆಯನ್ನು ತಗ್ಗಿಸಲು 1890ರ ದಶಕದ ಆರಂಭದಲ್ಲಿಯೇ ಶೇಷಾದ್ರಿ ಅಯ್ಯರ್ ಅವರ ಸರ್ಕಾರವು ಪೇಟೆಯ ಹೊರಗೆ ಹೊಸ ಬಡಾವಣೆಗಳನ್ನು ಯೋಜಿಸಿತು. ಕೋಟೆಯ ಪಶ್ಚಿಮಕ್ಕೆ ಚಾಮರಾಜಪೇಟೆ, ದಕ್ಷಿಣದಲ್ಲಿ ದೊಡ್ಡ ಬಸವಣ್ಣನ ಗುಡಿಯ ಸುತ್ತ ಬಸವನಗುಡಿ, ಉತ್ತರದಲ್ಲಿ ಕಾಡು ಮಲ್ಲೇಶ್ವರ ದೇವಾಲಯದ ಬಳಿ ಮಲ್ಲೇಶ್ವರ. ನೇರವಾದ ಅಗಲ ರಸ್ತೆಗಳು, ಅವುಗಳನ್ನು ಕತ್ತರಿಸುವ ಅಡ್ಡರಸ್ತೆಗಳು, ಅಳತೆ ಮಾಡಿ ಹಂಚಿದ ನಿವೇಶನಗಳು, ಮನೆಗಳ ಹಿಂಭಾಗದಲ್ಲಿ ಪೌರಕಾರ್ಮಿಕರು ಬಂದು ಹೋಗುವ ಓಣಿ, ಉದ್ಯಾನಕ್ಕೆ ಬಿಟ್ಟ ಜಾಗ ಇವೆಲ್ಲ ಆ ನಕ್ಷೆಗಳಲ್ಲಿದ್ದವು.

ನಕ್ಷೆ ಇದ್ದರೂ ಜನ ಬರಲು ಹಿಂಜರಿದರು. ಅಂಗಡಿ, ಬಂಧುಬಳಗ, ಕೇರಿಯ ದೇವರು ಎಲ್ಲವನ್ನೂ ಬಿಟ್ಟು ಬಯಲಿಗೆ ಹೋಗಿ ಮನೆ ಕಟ್ಟುವವರು ಯಾರು? ಆ ಹಿಂಜರಿಕೆಯನ್ನು ಮುರಿದದ್ದು ಸಾವಿನ ಭಯ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲು ಮಾರ್ಗದ ಗುಂಟ ಸಾಗಿ 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂದಿತು. ಕೆಲವೇ ತಿಂಗಳಲ್ಲಿ ಸಾವಿರಾರು ಜನ ಸತ್ತರು. ಇನ್ನೂ ಹೆಚ್ಚು ಜನ ಊರು ಬಿಟ್ಟು ಓಡಿದರು. 1901ರ ಜನಗಣತಿಯಲ್ಲಿ ನಗರ ಮತ್ತು ದಂಡಿನ ಜನಸಂಖ್ಯೆ ಸುಮಾರು 1,59,000ಕ್ಕೆ ಇಳಿದಿತ್ತು. ಇಲಿ ಚಿಗಟಗಳಿಂದ ಈ ರೋಗ ಹರಡುತ್ತದೆಂಬುದು ಆಗ ಇನ್ನೂ ಸರ್ವಸಮ್ಮತವಾಗಿರಲಿಲ್ಲ. ಆದ್ದರಿಂದ ಸರ್ಕಾರವು ತಿಳಿದ ಎಲ್ಲ ಉಪಾಯಗಳನ್ನೂ ಒಟ್ಟಿಗೆ ಮಾಡಿತು: ರೈಲು ಪ್ರಯಾಣಿಕರ ತಪಾಸಣೆ, ರೋಗಿಗಳ ಮನೆಯವರನ್ನು ಶಿಬಿರಗಳಿಗೆ ಸಾಗಿಸುವುದು, ಸುಣ್ಣ ಮತ್ತು ಔಷಧಿ ಹೊಡೆಯುವುದು, ವಾಸಕ್ಕೆ ಯೋಗ್ಯವಲ್ಲದ ಮನೆಗಳನ್ನು ಕೆಡವುವುದು. ಮುಂದೆ ತಾವೂ ದಿವಾನರಾದ ವಿ. ಪಿ. ಮಾಧವರಾವ್ ಅವರನ್ನು ಪ್ಲೇಗ್ ಕಮಿಷನರ್ ಆಗಿ ನೇಮಿಸಲಾಯಿತು. ಮನೆಯೊಳಗೆ ನುಗ್ಗಿ ತಪಾಸಣೆ ಮಾಡುವುದನ್ನು ಜನ ಸಹಿಸಲಿಲ್ಲ. ರೋಗಿಗಳನ್ನು ಬಚ್ಚಿಡುವುದೂ ನಡೆಯಿತು. ಅವರ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ, ಶಿಬಿರಕ್ಕೆ ಹೋದ ಎಲ್ಲರೂ ಮರಳಿ ಬರುತ್ತಿರಲಿಲ್ಲ.

ಅದೇ ವರ್ಷದಿಂದ ಬಸವನಗುಡಿ, ಮಲ್ಲೇಶ್ವರಗಳು ಬೇಗ ಬೇಗ ತುಂಬತೊಡಗಿದವು. ಪ್ಲೇಗಿನ ಬಳಿಕ ಈ ಬಡಾವಣೆಗಳು ಹುಟ್ಟಿದವೆಂದು ಅನೇಕ ಕಡೆ ಬರೆದಿರುವುದನ್ನು ಕಾಣುತ್ತೇವೆ. ಅವುಗಳ ಯೋಜನೆ ಪ್ಲೇಗಿಗಿಂತ ಮೊದಲಿನದು; ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿಯನ್ನು ಅಳೆಯುವಾಗ ಈ ಅಂಶವನ್ನು ಮರೆಯಬಾರದು. ವಿಪತ್ತು ಬಂದಾಗ ಅಳತೆಯಾದ ನೆಲವೂ ಎರಡು ವರ್ಷ ಮುಂಚೆ ಬಂದ ಕೊಳವೆ ನೀರೂ ಸಿದ್ಧವಾಗಿದ್ದವು.

ಆದರೆ ಇದನ್ನು ಇಂದಿನ ಅರ್ಥದ ಸಾರ್ವಜನಿಕ ವಸತಿ ಯೋಜನೆ ಎನ್ನುವುದು ಕಷ್ಟ. ಮುಖ್ಯವಾಗಿ ಸರ್ಕಾರ ಕೊಟ್ಟದ್ದು ನಿವೇಶನ. ಮನೆಯನ್ನು ಜನರೇ ಕಟ್ಟಿಕೊಳ್ಳಬೇಕಾಗಿತ್ತು. ಹಾಗಾಗಿ ಅದರ ಲಾಭ ದೊರೆತದ್ದು ಹೆಚ್ಚಾಗಿ ನೌಕರರಿಗೆ, ವಕೀಲರಿಗೆ, ವ್ಯಾಪಾರಿಗಳಿಗೆ. ನಿವೇಶನಗಳ ಹಂಚಿಕೆಯಲ್ಲಿ ಜಾತಿ ಸಮುದಾಯಗಳನ್ನು ಬೇರೆ ಬೇರೆಯಾಗಿ ಇರಿಸುವ ಕ್ರಮವೂ ಇತ್ತು. ಪೇಟೆಯ ಇಕ್ಕಟ್ಟಿನಲ್ಲಿ ಪ್ಲೇಗಿಗೆ ಹೆಚ್ಚು ಬಲಿಯಾದ ಕೂಲಿಕಾರರು ಬಹುಮಟ್ಟಿಗೆ ಅಲ್ಲಿಯೇ ಉಳಿದರು. ಗೃಹ ಮಂಡಳಿಯ ಮೂಲಕ ಬಡವರಿಗೆ ಮನೆ ಕಟ್ಟಿಕೊಡುವ ಕಲ್ಪನೆ ರಾಜ್ಯದಲ್ಲಿ ಕಾರ್ಯರೂಪಕ್ಕೆ ಬರಲು ಸ್ವಾತಂತ್ರ್ಯಾನಂತರದವರೆಗೆ ಕಾಯಬೇಕಾಯಿತು.

ಇತರ ಕಾರ್ಯಗಳು

ನೀರಾವರಿಗೆ ಅವರ ಕಾಲದಲ್ಲಿ ಸುಮಾರು ಒಂದು ಕೋಟಿ ರೂಪಾಯಿ ವೆಚ್ಚವಾಯಿತು. ಹಿರಿಯೂರು ಬಳಿ ವೇದಾವತಿ ನದಿಗೆ ಮಾರಿಕಣಿವೆ ಅಣೆಕಟ್ಟಿನ ಕೆಲಸವನ್ನು ಆರಂಭಿಸಿದರು; ಅದು 1907ರಲ್ಲಿ ಪೂರ್ಣಗೊಂಡು ವಾಣಿವಿಲಾಸ ಸಾಗರವೆನಿಸಿತು. ಚಿತ್ರದುರ್ಗದ ಸೀಮೆಯ ಕುಡಿಯುವ ನೀರಿಗೆ ಇಂದಿಗೂ ಅದು ಆಧಾರ. ರೈಲು ಮಾರ್ಗಗಳ ವಿಸ್ತರಣೆ, ಭೂಗರ್ಭ ಇಲಾಖೆ, ಸ್ಪರ್ಧಾ ಪರೀಕ್ಷೆಯ ಮೂಲಕ ಅಧಿಕಾರಿಗಳ ನೇಮಕ, ಬಾಲ್ಯವಿವಾಹ ತಡೆಯುವ 1894ರ ಕಾಯಿದೆ, ವಿಕ್ಟೋರಿಯಾ ಆಸ್ಪತ್ರೆ (ಉದ್ಘಾಟನೆ 1900) ಇವೂ ಅವರ ಅವಧಿಯವು.

ಶಿವನಸಮುದ್ರದ ಜಲಪಾತದಿಂದ ವಿದ್ಯುತ್ ಉತ್ಪಾದಿಸಿ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸುವ ಯೋಜನೆಯನ್ನು ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೆರ್ ಅವರ ನೆರವಿನಿಂದ ಕೈಗೊಂಡರು. ಅಷ್ಟು ದೂರ ವಿದ್ಯುತ್ ಸಾಗಿಸುವುದು ಆಗ ಜಗತ್ತಿನಲ್ಲೇ ಅಪರೂಪ. 1902ರ ಜೂನ್‌ನಲ್ಲಿ ಗಣಿಗಳಿಗೆ ವಿದ್ಯುತ್ ತಲುಪಿತು. ಅದನ್ನು ಕಾಣಲು ಅವರು ಬದುಕಿರಲಿಲ್ಲ.

ಟೀಕೆಗಳು

ಶೇಷಾದ್ರಿ ಅಯ್ಯರ್ ಅಧಿಕಾರವನ್ನು ತಮ್ಮ ಕೈಯಲ್ಲೇ ಇರಿಸಿಕೊಳ್ಳುತ್ತಿದ್ದರು, ಪ್ರಜಾಪ್ರತಿನಿಧಿ ಸಭೆಯ ಸದಸ್ಯರ ಮಾತಿಗೆ ಬೆಲೆ ಕೊಡುತ್ತಿರಲಿಲ್ಲ ಎಂಬ ದೂರು ಅವರ ಕಾಲದಲ್ಲೇ ಇತ್ತು. ಮದರಾಸಿನಿಂದ ಬಂದವರಿಗೆ ಉನ್ನತ ಹುದ್ದೆಗಳನ್ನು ಕೊಟ್ಟರೆಂಬ ಅಸಮಾಧಾನವು ಮೈಸೂರಿಗರು ಮತ್ತು ಮದರಾಸಿಗರು ಎಂಬ ಎರಡು ಪಕ್ಷಗಳನ್ನೇ ಸೃಷ್ಟಿಸಿತು. ಈ ದೂರುಗಳಲ್ಲಿ ಹುರುಳಿಲ್ಲದಿರಲಿಲ್ಲ. ಹೆಸರಘಟ್ಟದಂಥ ಕೆಲಸಗಳು ಬೇಗ ಮುಗಿದದ್ದಕ್ಕೂ, ಬಡಾವಣೆಗಳ ಹಂಚಿಕೆಯಲ್ಲಿ ಬಡವರ ದನಿ ಕೇಳದೆ ಹೋದದ್ದಕ್ಕೂ ಅವರ ಈ ಒಂದೇ ಸ್ವಭಾವ ಕಾರಣವಾಗಿದ್ದಿರಬಹುದು.

ನಿಧನ ಮತ್ತು ಸ್ಮಾರಕಗಳು

1893ರಲ್ಲಿ ಬ್ರಿಟಿಷ್ ಸರ್ಕಾರವು ಅವರಿಗೆ ಕೆ.ಸಿ.ಎಸ್.ಐ. ಪದವಿ ನೀಡಿತು. ಅನಾರೋಗ್ಯದಿಂದ 1901ರ ಮಾರ್ಚ್‌ನಲ್ಲಿ ನಿವೃತ್ತರಾಗಿ, ಅದೇ ವರ್ಷದ ಸೆಪ್ಟೆಂಬರ್ 13ರಂದು ನಿಧನ ಹೊಂದಿದರು. ಅವರು ವಾಸಿಸುತ್ತಿದ್ದ ಕುಮಾರಕೃಪಾ ಇಂದು ಸರ್ಕಾರದ ಅತಿಥಿಗೃಹ. ಶೇಷಾದ್ರಿಪುರಂ ಬಡಾವಣೆಗೂ ಶೇಷಾದ್ರಿ ರಸ್ತೆಗೂ ಅವರ ಹೆಸರಿದೆ. ಕಬ್ಬನ್ ಉದ್ಯಾನದಲ್ಲಿರುವ ಅವರ ಪ್ರತಿಮೆಯನ್ನು 1913ರಲ್ಲಿ ವೈಸರಾಯ್ ಲಾರ್ಡ್ ಹಾರ್ಡಿಂಜ್ ಅನಾವರಣಗೊಳಿಸಿದರು. ಅದರ ಹಿಂದಿನ ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ಈಗ ರಾಜ್ಯ ಕೇಂದ್ರ ಗ್ರಂಥಾಲಯವಿದೆ.