ತಪ್ಪು ಎಲ್ಲಿದೆ ಎಂದು ಕೇಳಿದ ರಿಚರ್ಡ್ ಹ್ಯಾಮಿಂಗ್

ನಮ್ಮ ಚಾಚಾ ಅವರ ಅಂಗಡಿಯಲ್ಲಿ ಸಣ್ಣ ವ್ಯಾಪಾರಿಗಳ ಲೆಕ್ಕವನ್ನು ಟ್ಯಾಲಿಯಲ್ಲಿ ಬರೆದುಕೊಡುತ್ತಾರೆ. ಕಾಲೇಜು ಬಿಟ್ಟ ಮೇಲೆ ಸಂಜೆ ಎರಡು ಗಂಟೆ ನಾನೂ ಅಲ್ಲಿ ಎಂಟ್ರಿ ಮಾಡುತ್ತೇನೆ. ಕಂಪ್ಯೂಟರ್ ನಿಧಾನವಾಗಿದೆ ಎಂದು ಚಾಚಾ ಹಳೆಯ ರ‍್ಯಾಮ್ ಜೊತೆಗೆ ಇನ್ನೊಂದು ಹೊಸ ರ‍್ಯಾಮ್ ಹಾಕಿಸಿದರು. ಎರಡರ ಮೇಲೂ 3200 ಎಂಬ ವೇಗ ಬರೆದಿತ್ತು. ವಾರದೊಳಗೆ ನೀಲಿ ಪರದೆ ಬರತೊಡಗಿತು. ಒಂದು ದಿನ ಒಬ್ಬ ಗಿರಾಕಿಯ ಲೆಕ್ಕವೇ ತೆರೆಯಲಿಲ್ಲ. ಸರಿಯಾಗಿ ಮುಚ್ಚದೆ ಸ್ವಿಚ್ ಆಫ್ ಮಾಡಿರಬೇಕು ಎಂದು ಚಾಚಾ ನನ್ನನ್ನು ಬೈದರು. ನಾನು ಹಾಗೆ ಮಾಡಿರಲಿಲ್ಲ. ಆದರೆ ಅದನ್ನು ತೋರಿಸಿಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಚಾಚಾ ಅವರ ಮಗ ಭಾಯಿಜಾನ್ ಡಿಪ್ಲೊಮಾ ಓದುತ್ತಾರೆ. ಅವರು ಪೆನ್‌ಡ್ರೈವ್‌ನಲ್ಲಿ ಮೆಮ್‌ಟೆಸ್ಟ್86 ತಂದು ಹಾಕಿದರು. ಈ ಪ್ರೋಗ್ರಾಂ ಮೆಮೊರಿಯ ಪ್ರತಿ ಜಾಗದಲ್ಲೂ ತನಗೆ ಗೊತ್ತಿರುವ ಅಂಕಿಗಳನ್ನು ಬರೆದು, ಮತ್ತೆ ಓದಿ, ಎರಡೂ ಒಂದೇ ಇವೆಯೇ ಎಂದು ನೋಡುತ್ತದೆ. ಎರಡೂ ರ‍್ಯಾಮ್ ಇಟ್ಟು 3200ರಲ್ಲಿ ಓಡಿಸಿದಾಗ ಹತ್ತು ನಿಮಿಷದಲ್ಲೇ ಕೆಂಪು ಸಾಲುಗಳು ಬಂದವು. ಒಂದೊಂದನ್ನೇ ಇಟ್ಟಾಗ ತಪ್ಪು ಬರಲಿಲ್ಲ. ಬೇರೆ ಬೇರೆ ಕಂಪನಿಯ ಆ ಎರಡು ರ‍್ಯಾಮ್‌ಗಳು ಜೊತೆಯಾಗಿ ಆ ವೇಗವನ್ನು ತಾಳುತ್ತಿರಲಿಲ್ಲ. ಬಯಾಸ್‌ನಲ್ಲಿ ವೇಗವನ್ನು 2933ಕ್ಕೆ ಇಳಿಸಿದರೂ ಒಂದೆರಡು ತಪ್ಪು ಉಳಿದವು. 2666ಕ್ಕೆ ಇಳಿಸಿದ ಮೇಲೆ ಇಡೀ ರಾತ್ರಿ ಓಡಿದರೂ ಒಂದು ತಪ್ಪೂ ಇರಲಿಲ್ಲ.

ಮೆಮೊರಿ ತಪ್ಪುತ್ತದೆ ಎಂದಾದರೆ ಅದು ತನ್ನನ್ನು ತಾನೇ ಏಕೆ ತಿದ್ದಿಕೊಳ್ಳುವುದಿಲ್ಲ ಎಂದು ಭಾಯಿಜಾನ್ ಅವರನ್ನು ಕೇಳಿದೆ. ಈ ಪ್ರಶ್ನೆಯನ್ನು ಎಪ್ಪತ್ತು ವರ್ಷಗಳ ಹಿಂದೆಯೇ ಒಬ್ಬರು ಕೇಳಿ ಉತ್ತರವನ್ನೂ ಕೊಟ್ಟಿದ್ದಾರೆ ಎಂದು ಅವರು ನಕ್ಕರು. ಅಂದಿನಿಂದ ನಾನು ರಿಚರ್ಡ್ ಹ್ಯಾಮಿಂಗ್ ಬಗ್ಗೆ ಓದಲು ಶುರು ಮಾಡಿದೆ.

ಹ್ಯಾಮಿಂಗ್ ಹುಟ್ಟಿದ್ದು 1915ರ ಫೆಬ್ರವರಿ 11ರಂದು, ಅಮೆರಿಕದ ಶಿಕಾಗೋದಲ್ಲಿ. ಅವರಿಗೆ ಎಂಜಿನಿಯರ್ ಆಗುವ ಆಸೆ ಇತ್ತು. ಆದರೆ ಅದು ಆರ್ಥಿಕ ಮಹಾಕುಸಿತದ ಕಾಲ. ವಿದ್ಯಾರ್ಥಿವೇತನ ಸಿಕ್ಕಿದ್ದು ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಮಾತ್ರ, ಅಲ್ಲಿ ಎಂಜಿನಿಯರಿಂಗ್ ಇರಲಿಲ್ಲ. ಹಾಗಾಗಿ ಗಣಿತ ತೆಗೆದುಕೊಂಡು 1937ರಲ್ಲಿ ಪದವಿ ಮುಗಿಸಿದರು. 1939ರಲ್ಲಿ ನೆಬ್ರಾಸ್ಕಾದಲ್ಲಿ ಎಂ.ಎ., 1942ರಲ್ಲಿ ಇಲಿನಾಯ್‌ನಲ್ಲಿ ಡಾಕ್ಟರೇಟ್ ಪಡೆದರು. ಬೇಕೆಂದ ಕೋರ್ಸ್ ಸಿಗದೆ ಸಿಕ್ಕಿದ ಕೋರ್ಸಿಗೆ ಸೇರಿದವರು ನಮ್ಮ ತರಗತಿಯಲ್ಲೂ ಇದ್ದಾರೆ. ಅವರಿಗೆ ಈ ಮಾತು ಹೇಳಬೇಕೆನಿಸಿತು.

ಎರಡನೇ ಮಹಾಯುದ್ಧದ ಕೊನೆಯಲ್ಲಿ, 1945ರಲ್ಲಿ, ಅವರು ಲಾಸ್ ಅಲಮೋಸ್‌ಗೆ ಹೋದರು. ಅಣುಬಾಂಬ್ ತಯಾರಾಗುತ್ತಿದ್ದ ಜಾಗ ಅದು. ವಿಜ್ಞಾನಿಗಳು ಕೊಟ್ಟ ಲೆಕ್ಕಗಳನ್ನು ಯಂತ್ರಗಳ ಮೇಲೆ ಮಾಡಿಸುವುದು ಹ್ಯಾಮಿಂಗ್ ಅವರ ಕೆಲಸವಾಗಿತ್ತು. ಅವರ ಹೆಂಡತಿ ವಾಂಡಾ ಕೂಡ ಅಲ್ಲಿ ಲೆಕ್ಕದ ಕೆಲಸ ಮಾಡಿದರು. ಆ ಬಾಂಬ್ ಎಷ್ಟು ಜನರನ್ನು ಕೊಂದಿತು ಎಂಬುದು ನಮಗೆಲ್ಲ ಗೊತ್ತು. ಅವರ ಜೀವನದ ಈ ಭಾಗವನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ ಎಂದು ಇದನ್ನೂ ಬರೆದಿದ್ದೇನೆ.

1946ರಲ್ಲಿ ಅವರು ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್ ಸೇರಿದರು. ಮಾಹಿತಿ ಸಿದ್ಧಾಂತದ ಪಿತಾಮಹ ಕ್ಲಾಡ್ ಶಾನನ್ ಅವರೊಂದಿಗೆ ಸ್ವಲ್ಪ ಕಾಲ ಒಂದೇ ಕೋಣೆಯಲ್ಲಿ ಕೆಲಸ ಮಾಡಿದರು. ಅಲ್ಲಿದ್ದ ಕಂಪ್ಯೂಟರ್ ಸಾವಿರಾರು ರಿಲೇಗಳಿಂದ ನಡೆಯುತ್ತಿತ್ತು. ರಿಲೇ ಎಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಸ್ವಿಚ್. ಒಂದು ರಿಲೇ ತಪ್ಪಿದರೂ ಯಂತ್ರಕ್ಕೆ ಗೊತ್ತಾಗುತ್ತಿತ್ತು. ವಾರದ ದಿನಗಳಲ್ಲಿ ಅದು ನಿಂತು ಸೂಚನೆ ಕೊಡುತ್ತಿತ್ತು, ನೌಕರರು ಬಂದು ಸರಿಪಡಿಸುತ್ತಿದ್ದರು. ಶನಿವಾರ, ಭಾನುವಾರ ಯಾರೂ ಇರುತ್ತಿರಲಿಲ್ಲ. ಆಗ ಯಂತ್ರ ತಪ್ಪಿದ ಕೆಲಸವನ್ನು ಅಲ್ಲೇ ಬಿಟ್ಟು ಮುಂದಿನದಕ್ಕೆ ಹೋಗುತ್ತಿತ್ತು.

ಹ್ಯಾಮಿಂಗ್ ಅವರಿಗೆ ಯಂತ್ರ ಸಿಗುತ್ತಿದ್ದುದು ಆ ರಜಾದಿನಗಳಲ್ಲೇ. 1947ರಲ್ಲಿ ಎರಡು ವಾರ ಮೇಲಿಂದ ಮೇಲೆ ಸೋಮವಾರ ಬಂದು ನೋಡಿದರೆ ಅವರ ಲೆಕ್ಕ ಆಗಿರಲೇ ಇಲ್ಲ. ಅವರಿಗೆ ಸಿಟ್ಟು ಬಂತು. ತಪ್ಪಾಗಿದೆ ಎಂದು ತಿಳಿಯುವ ಯಂತ್ರಕ್ಕೆ ತಪ್ಪು ಎಲ್ಲಿದೆ ಎಂದು ಹುಡುಕಿ ತಿದ್ದಲು ಏಕೆ ಆಗಬಾರದು ಎಂದು ಅವರು ಯೋಚಿಸಿದರು.

ಕಾಮರ್ಸ್‌ನವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಂದು ಕೋಷ್ಟಕದಲ್ಲಿ ಅಡ್ಡ ಮೊತ್ತವನ್ನೂ ಉದ್ದ ಮೊತ್ತವನ್ನೂ ಬರೆದಿದ್ದೇವೆ ಎಂದುಕೊಳ್ಳಿ. ಒಂದು ಅಡ್ಡ ಸಾಲು ಮತ್ತು ಒಂದು ಉದ್ದ ಸಾಲು ತಾಳೆಯಾಗದಿದ್ದರೆ, ಆ ಎರಡೂ ಸೇರುವ ಮನೆಯಲ್ಲೇ ತಪ್ಪಿದೆ. ಹ್ಯಾಮಿಂಗ್ ಇಂಥ ಚೌಕದಿಂದಲೇ ಶುರು ಮಾಡಿ, ಇನ್ನೂ ಕಡಿಮೆ ಅಂಕಿಗಳಲ್ಲಿ ಆಗುವ ದಾರಿ ಹುಡುಕಿದರು. ನಾಲ್ಕು ಬಿಟ್ ಮಾಹಿತಿಗೆ ಮೂರು ತಪಾಸಣೆ ಬಿಟ್ ಸೇರಿಸಿ ಏಳು ಮಾಡಿದರು. ತಪಾಸಣೆ ಬಿಟ್‌ಗಳು 1, 2 ಮತ್ತು 4ನೇ ಸ್ಥಾನದಲ್ಲಿರುತ್ತವೆ. ಪ್ರತಿಯೊಂದೂ ಕೆಲವು ಸ್ಥಾನಗಳನ್ನು ಕಾಯುತ್ತದೆ. ಈಗ 1 ಮತ್ತು 4ರ ತಪಾಸಣೆ ತಾಳೆಯಾಗಲಿಲ್ಲ ಎನ್ನಿ. ಎರಡನ್ನೂ ಕೂಡಿಸಿದರೆ 5. ತಪ್ಪಿರುವುದು ಐದನೇ ಬಿಟ್‌ನಲ್ಲಿ. ಅದು 0 ಇದ್ದರೆ 1 ಮಾಡಿ, 1 ಇದ್ದರೆ 0 ಮಾಡಿ, ಮುಗಿಯಿತು.

ಇದನ್ನು ಓದುವಾಗ ನನಗೆ ತರಾವೀಹ್ ನೆನಪಾಯಿತು. ಇಮಾಮರು ಕಂಠಪಾಠವಾಗಿ ಓದುತ್ತಾರೆ. ಹಿಂದೆ ಇನ್ನೊಬ್ಬ ಹಾಫಿಝರು ನಿಂತು ಕೇಳುತ್ತಿರುತ್ತಾರೆ. ಓದು ತಪ್ಪಿದರೆ ನಮಾಜ್ ನಿಲ್ಲಿಸುವುದಿಲ್ಲ. ಸರಿಯಾದ ಪದವನ್ನೇ ಹಿಂದಿನಿಂದ ಲುಕ್ಮಾ ಕೊಡುತ್ತಾರೆ, ಓದು ಮುಂದುವರಿಯುತ್ತದೆ. ಹ್ಯಾಮಿಂಗ್ ಯಂತ್ರಕ್ಕೆ ಕಲಿಸಿದ್ದೂ ಇಂಥದ್ದೇ ಕೆಲಸ.

ಪೇಟೆಂಟ್ ಕಾರಣದಿಂದ ತಡವಾಗಿ, 1950ರ ಏಪ್ರಿಲ್‌ನಲ್ಲಿ ಬೆಲ್ ಲ್ಯಾಬ್ಸ್‌ನ ಪತ್ರಿಕೆಯಲ್ಲಿ ಅವರ ಲೇಖನ ಪ್ರಕಟವಾಯಿತು. 1968ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಅದನ್ನು ಪಡೆದವರಲ್ಲಿ ಅವರು ಮೂರನೆಯವರು. ಇಂದು ದೊಡ್ಡ ಸರ್ವರ್‌ಗಳಲ್ಲಿ ಇಸಿಸಿ ಎಂಬ ಮೆಮೊರಿ ಇರುತ್ತದೆ. ಅದರಲ್ಲಿ 64 ಬಿಟ್ ಮಾಹಿತಿಗೆ 8 ಬಿಟ್ ತಪಾಸಣೆ ಸೇರಿಸುವ ಪದ್ಧತಿ ಇದೆ. ಒಂದು ಬಿಟ್ ತಪ್ಪಿದರೆ ತಾನೇ ತಿದ್ದುತ್ತದೆ, ಎರಡು ತಪ್ಪಿದರೆ ತಿದ್ದಲಾಗದೆ ಎಚ್ಚರಿಸುತ್ತದೆ. ನಮ್ಮ ಅಂಗಡಿಯ ರ‍್ಯಾಮ್‌ನಲ್ಲಿ ಈ ಎಂಟು ಬಿಟ್ ಇಲ್ಲ. ಅದಕ್ಕೇ ಅದು ಸದ್ದಿಲ್ಲದೆ ತಪ್ಪಿತು.

ಬೆಲ್ ಲ್ಯಾಬ್ಸ್‌ನಲ್ಲಿ ಊಟದ ಹೊತ್ತಿಗೆ ಹ್ಯಾಮಿಂಗ್ ಬೇರೆ ವಿಭಾಗದವರ ಮೇಜಿಗೆ ಹೋಗಿ ಕೂರುತ್ತಿದ್ದರು. ನಿಮ್ಮ ವಿಷಯದಲ್ಲಿ ಮುಖ್ಯವಾದ ಸಮಸ್ಯೆಗಳು ಯಾವುವು, ನೀವು ಅವನ್ನೇಕೆ ಕೈಗೆತ್ತಿಕೊಂಡಿಲ್ಲ ಎಂದು ಕೇಳುತ್ತಿದ್ದರು. ಕೆಲವರಿಗೆ ಇದು ಇಷ್ಟವಾಗುತ್ತಿರಲಿಲ್ಲ. ಸಂಶೋಧನೆ ಮಾಡುವುದು ಹೇಗೆ ಎಂದು 1986ರಲ್ಲಿ ಅವರು ಮಾಡಿದ ಭಾಷಣವನ್ನು ಇಂದಿಗೂ ಓದುತ್ತಾರೆ. 1976ರಲ್ಲಿ ಬೆಲ್ ಲ್ಯಾಬ್ಸ್ ಬಿಟ್ಟು ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ನೌಕಾಪಡೆಯ ಕಾಲೇಜಿನಲ್ಲಿ ಪಾಠ ಮಾಡಲು ಹೋದರು. 1997ರವರೆಗೂ ಪಾಠ ಮಾಡಿದರು. 1998ರ ಜನವರಿ 7ರಂದು 82ನೇ ವಯಸ್ಸಿನಲ್ಲಿ ತೀರಿಕೊಂಡರು. ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು.

ನಮ್ಮ ಅಂಗಡಿಯ ವಿಷಯ ಹೇಳಿ ಮುಗಿಸುತ್ತೇನೆ. ಹಿಂದಿನ ವಾರದ ಬ್ಯಾಕಪ್ ಇತ್ತು. ಉಳಿದ ವೋಚರ್‌ಗಳನ್ನು ನಾನು ಎರಡು ಸಂಜೆ ಕೂತು ಮತ್ತೆ ಹಾಕಿದೆ. ಕಂಪ್ಯೂಟರ್ ಈಗ 2666ರಲ್ಲೇ ಓಡುತ್ತದೆ, ಯಾರಿಗೂ ವ್ಯತ್ಯಾಸ ಗೊತ್ತಾಗಿಲ್ಲ. ಭಾಯಿಜಾನ್ ಆ ಕೆಂಪು ಸಾಲುಗಳ ಫೋಟೊವನ್ನು ಚಾಚಾ ಅವರಿಗೆ ತೋರಿಸಿದರು. ಚಾಚಾ ಬಹಳ ಹೊತ್ತು ನೋಡಿದರು, ನನಗೆ ಏನೂ ಹೇಳಲಿಲ್ಲ. ಮರುದಿನ ಅಸರ್ ನಮಾಜಿಗೆ ಹೋಗುವಾಗ ಗಲ್ಲಾದ ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟು ಹೋದರು.

ಮನೆಯಲ್ಲಿ, ಅಂಗಡಿಯಲ್ಲಿ ಏನಾದರೂ ಕೆಟ್ಟರೆ ಯಾರು ಮಾಡಿದ್ದು ಎಂದು ನಾವು ಮೊದಲು ಕೇಳುತ್ತೇವೆ. ನಾನೂ ತಮ್ಮನನ್ನು ಹಾಗೇ ಕೇಳುತ್ತಿದ್ದೆ. ಈಗ ತಪ್ಪು ಎಲ್ಲಿದೆ ಎಂದು ಮೊದಲು ಹುಡುಕುವ ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ. ನೀವೂ ಮಾಡಿ ನೋಡಿ. ಬ್ಯಾಕಪ್ ಮಾತ್ರ ದಿನಾ ತೆಗೆಯಿರಿ.