ಕಪಾಟಿನ ಬೀಗ ತೆಗೆಸಿದ ಗಣಿತದ ಮೇಷ್ಟರು

ಪತ್ತೇದಾರಿ ಕಾದಂಬರಿಗಳಲ್ಲಿ ಗ್ರಂಥಾಲಯದ ಕಳ್ಳತನಕ್ಕೆ ಒಂದು ಸಿದ್ಧ ಜಾಡಿದೆ. ಅಪರೂಪದ ಪುಸ್ತಕವೊಂದು ಕಪಾಟಿನಿಂದ ಮಾಯವಾಗುತ್ತದೆ. ಪೊಲೀಸರು ಕೈಚೆಲ್ಲಿದಾಗ ಊರಿನ ಕುತೂಹಲಿಯೊಬ್ಬರು ಎರವಲು ಕಡತವನ್ನು ತಿರುವಿ, ಓದುಗರ ಚಹರೆಗಳನ್ನು ಅಳೆದು, ಕೊನೆಯ ಅಧ್ಯಾಯದಲ್ಲಿ ಕಳ್ಳನನ್ನು ಹಿಡಿದುಕೊಡುತ್ತಾರೆ. ಪುಸ್ತಕ ಮತ್ತೆ ಕಪಾಟು ಸೇರುತ್ತದೆ, ಕಪಾಟಿಗೆ ಬೀಗ ಬೀಳುತ್ತದೆ, ಕಥೆ ಮುಗಿಯುತ್ತದೆ. ಆದರೆ ಕಥೆ ಮುಗಿದಲ್ಲಿಂದಲೇ ಪ್ರಶ್ನೆ ಆರಂಭಿಸಿದ ಒಬ್ಬ ವ್ಯಕ್ತಿ ನಮ್ಮ ದೇಶದಲ್ಲಿದ್ದರು. ಬೀಗ ಬಿದ್ದ ಕಪಾಟಿನಲ್ಲಿ ಉಳಿದ ಪುಸ್ತಕ ಯಾರ ಪಾಲಿಗೆ ಉಳಿಯಿತು ಎಂಬುದು ಅವರ ಪ್ರಶ್ನೆ. ಭಾರತೀಯ ಗ್ರಂಥಾಲಯ ವಿಜ್ಞಾನದ ಪಿತಾಮಹರೆಂದು ಹೆಸರಾದ ಶಿಯಾಳಿ ರಾಮಾಮೃತ ರಂಗನಾಥನ್ ಅವರೇ ಆ ವ್ಯಕ್ತಿ. ಅವರು ತಮ್ಮ ಅಧ್ಯಾಪಕ ವೃತ್ತಿಯನ್ನು ಆರಂಭಿಸಿದ್ದು ಮಂಗಳೂರಿನಲ್ಲಿ ಎಂಬ ಸಂಗತಿ ಕರಾವಳಿಯಲ್ಲೇ ಹೆಚ್ಚು ಮಂದಿಗೆ ತಿಳಿದಿಲ್ಲ.

ತಂಜಾವೂರಿನಿಂದ ಮಂಗಳೂರಿಗೆ

ರಂಗನಾಥನ್ ಹುಟ್ಟಿದ್ದು 1892ರ ಆಗಸ್ಟ್ ತಿಂಗಳಿನಲ್ಲಿ, ಅಂದಿನ ತಂಜಾವೂರು ಜಿಲ್ಲೆಯ ಶಿಯಾಳಿಯ ಸೀಮೆಯಲ್ಲಿ. ಅವರ ಜನ್ಮದಿನವೆಂದು ಆಗಸ್ಟ್ 12ನ್ನು ಈಗ ದೇಶದಾದ್ಯಂತ ಗ್ರಂಥಪಾಲಕರ ದಿನವಾಗಿ ಆಚರಿಸಲಾಗುತ್ತದೆ. ತಂದೆ ರಾಮಾಮೃತ ಅಯ್ಯರ್, ತಾಯಿ ಸೀತಾಲಕ್ಷ್ಮಿ. ಬಾಲಕ ಆರರ ಹರೆಯದಲ್ಲಿದ್ದಾಗಲೇ ತಂದೆ ತೀರಿಕೊಂಡರು. ಮಾತು ತೊದಲುತ್ತಿದ್ದ ಆ ಹುಡುಗ ಮುಂದೆ ಮೇಷ್ಟರಾದಾನು ಎಂದು ಯಾರೂ ಎಣಿಸಿರಲಾರರು. ಮದರಾಸಿನ ಕ್ರಿಶ್ಚಿಯನ್ ಕಾಲೇಜು ಸೇರಿ, ಗಣಿತದ ಪ್ರಾಧ್ಯಾಪಕ ಎಡ್ವರ್ಡ್ ರಾಸ್ ಅವರ ಅಚ್ಚುಮೆಚ್ಚಿನ ಶಿಷ್ಯರಾಗಿ, 1916ರಲ್ಲಿ ಎಂ.ಎ. ಮುಗಿಸಿದರು. ಸೈದಾಪೇಟೆಯಲ್ಲಿ ಶಿಕ್ಷಕ ತರಬೇತಿ ಪಡೆದರು.

ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದ ಒಂದು ಜಿಲ್ಲೆ. ಸರಕಾರಿ ಅಧ್ಯಾಪಕರು ಪ್ರಾಂತ್ಯದ ಯಾವ ಮೂಲೆಗೂ ನಿಯುಕ್ತರಾಗುತ್ತಿದ್ದ ಕಾಲ. 1917ರಲ್ಲಿ ರಂಗನಾಥನ್ ಮಂಗಳೂರಿನ ಸರಕಾರಿ ಕಾಲೇಜಿಗೆ ಬಂದರು. ಹಂಪನಕಟ್ಟೆಯಲ್ಲಿ ಇಂದು ವಿಶ್ವವಿದ್ಯಾನಿಲಯ ಕಾಲೇಜು ಎಂದು ಕರೆಯಲ್ಪಡುವ, 1868ರಲ್ಲಿ ಸ್ಥಾಪನೆಗೊಂಡ ಸಂಸ್ಥೆಯೇ ಅದು. 1920ರವರೆಗೆ ಅವರು ಇಲ್ಲಿದ್ದರು. ಪಾಠವನ್ನು ಬಾಯಲ್ಲಿ ಹೇಳಿ ಬರೆಸುವ ಕ್ರಮ ಅವರಿಗೆ ಒಗ್ಗಲಿಲ್ಲ. ವಿದ್ಯಾರ್ಥಿ ತಾನೇ ಪುಸ್ತಕಗಳನ್ನು ಹುಡುಕಿ ಓದಬೇಕು, ಮೇಷ್ಟರು ದಾರಿ ತೋರಬೇಕು ಎಂಬ ನಿಲುವು ಅವರ ಅಧ್ಯಾಪನದ ವರ್ಷಗಳಲ್ಲೇ ಗಟ್ಟಿಯಾಯಿತು.

ಅವರು ಬಂದಾಗಿನ ಮಂಗಳೂರು ಬಾಗಿಲುಗಳ ಕುರಿತು ಗಂಭೀರವಾಗಿ ಯೋಚಿಸುತ್ತಿದ್ದ ಊರು. ಹಂಪನಕಟ್ಟೆಗೆ ಹೆಚ್ಚು ದೂರವಲ್ಲದ ಕುದ್ರೋಳಿಯಲ್ಲಿ, ಬಿಲ್ಲವ ಸಮುದಾಯದ ಮುಖಂಡ ಕೊರಗಪ್ಪನವರ ಮುಂದಾಳತ್ವದಲ್ಲಿ ಎದ್ದ ಗೋಕರ್ಣನಾಥೇಶ್ವರ ದೇವಾಲಯವನ್ನು ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠಾಪಿಸಿದ್ದರು. ಬೇರೆ ಗುಡಿಗಳ ಹೊರಗೇ ನಿಲ್ಲಬೇಕಾಗಿದ್ದ ಜನರಿಗೆ ತಮ್ಮದೇ ಒಂದು ಗುಡಿಯ ಬಾಗಿಲು ತೆರೆದಿತ್ತು. ಇನ್ನೊಂದೆಡೆ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ಶಾಲೆಗಳನ್ನು ನಡೆಸುತ್ತಿದ್ದರು. ಯುವ ಗಣಿತ ಅಧ್ಯಾಪಕರಿಗೂ ಈ ಚಳವಳಿಗಳಿಗೂ ನೇರ ನಂಟು ಕಲ್ಪಿಸುವುದು ಸಾಧುವಲ್ಲ. ಆದರೆ ಒಳಗೆ ಬರಲು ಯಾರಿಗೆ ಹಕ್ಕಿದೆ ಎಂಬ ಕಾಲದ ಪ್ರಶ್ನೆಯನ್ನೇ ಅವರು ಮುಂದೆ ಗ್ರಂಥಾಲಯದ ಬಾಗಿಲಲ್ಲಿ ನಿಂತು ಕೇಳಿದರು.

ಒಲ್ಲದ ಹುದ್ದೆ

ಮಂಗಳೂರಿನಿಂದ ಕೊಯಮತ್ತೂರು, ಅಲ್ಲಿಂದ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು. ಅಷ್ಟರಲ್ಲಿ ಮದರಾಸು ವಿಶ್ವವಿದ್ಯಾನಿಲಯ ತನ್ನ ಮೊದಲ ಪೂರ್ಣಾವಧಿ ಗ್ರಂಥಪಾಲಕನಿಗಾಗಿ ಅರ್ಜಿ ಕರೆಯಿತು. ಸುಮಾರು 900 ಅರ್ಜಿಗಳು ಬಂದವು. ಸಂದರ್ಶನಕ್ಕೆ ಮೊದಲು ರಂಗನಾಥನ್ ಮಾಡಿದ ಸಿದ್ಧತೆಯೆಂದರೆ ವಿಶ್ವಕೋಶದಲ್ಲಿ ಗ್ರಂಥಾಲಯಗಳ ಕುರಿತ ಲೇಖನ ಓದಿದ್ದು. ಆದರೂ ಹುದ್ದೆ ಅವರಿಗೇ ಒಲಿಯಿತು. 1924ರ ಜನವರಿಯಲ್ಲಿ ಕುರ್ಚಿ ಏರಿದವರಿಗೆ ಕೆಲವೇ ದಿನಗಳಲ್ಲಿ ಉಸಿರುಗಟ್ಟಿತು. ಓದುಗರು ಬಾರದ, ಮಾತಿಲ್ಲದ ಆ ಕೋಣೆಯಲ್ಲಿ ದಿನ ಕಳೆಯುವುದು ತರಗತಿಗೆ ಒಗ್ಗಿದ್ದ ಮನುಷ್ಯನಿಗೆ ಶಿಕ್ಷೆಯಾಯಿತು. ತಮ್ಮನ್ನು ಹಿಂದಿನ ಹುದ್ದೆಗೇ ಕರೆಸಿಕೊಳ್ಳುವಂತೆ ಕಾಲೇಜಿನ ಪ್ರಾಂಶುಪಾಲರ ಬಳಿ ಅಂಗಲಾಚಿದರು. ಮೊದಲು ಇಂಗ್ಲೆಂಡಿಗೆ ಹೋಗಿ ಗ್ರಂಥಾಲಯಗಳನ್ನು ನೋಡಿ ಬರುವಂತೆ, ಆಮೇಲೂ ಮನಸ್ಸು ಬದಲಾಗದಿದ್ದರೆ ಹಿಂದಿರುಗುವಂತೆ ಅವರಿಗೆ ಸಲಹೆ ದೊರೆಯಿತು.

ಆ ಪಯಣ ಅವರ ಬದುಕಿನ ದಿಕ್ಕನ್ನೇ ಬದಲಿಸಿತು. ಲಂಡನ್ನಿನ ಯುನಿವರ್ಸಿಟಿ ಕಾಲೇಜಿನ ಗ್ರಂಥಾಲಯ ಶಾಲೆಯಲ್ಲಿ ಬರ್ವಿಕ್ ಸೇಯರ್ಸ್ ಅವರ ಶಿಷ್ಯರಾದರು. ಅಧ್ಯಯನದ ಜತೆಗೆ ಹತ್ತಾರು ಗ್ರಂಥಾಲಯಗಳನ್ನು ಸುತ್ತಿದರು. ಅಲ್ಲಿ ಮಕ್ಕಳು, ಕಾರ್ಮಿಕರು, ಗೃಹಿಣಿಯರು ಕಪಾಟುಗಳ ನಡುವೆ ತಾವೇ ಓಡಾಡಿ ಪುಸ್ತಕ ಆಯ್ದುಕೊಳ್ಳುತ್ತಿದ್ದುದನ್ನು ಕಂಡರು. ಅದೇ ಇಂಗ್ಲೆಂಡಿನಲ್ಲಿ ಕೆಲವು ಶತಮಾನಗಳ ಹಿಂದೆ ಪುಸ್ತಕಗಳನ್ನು ಕಬ್ಬಿಣದ ಸರಪಳಿಯಿಂದ ಕಪಾಟಿಗೆ ಬಿಗಿಯುತ್ತಿದ್ದರು. ಹೆರಿಫರ್ಡ್ ನಗರದ ಕೆಥೆಡ್ರಲ್‌ನಲ್ಲಿ ಅಂಥ ಸರಪಳಿ ಗ್ರಂಥಾಲಯ ಇಂದಿಗೂ ಉಳಿದಿದೆ. ಸರಪಳಿಯಿಂದ ತೆರೆದ ಕಪಾಟಿನವರೆಗಿನ ಈ ನಡಿಗೆಯೇ ಗ್ರಂಥಾಲಯದ ಇತಿಹಾಸ ಎಂಬುದು ರಂಗನಾಥನ್ ಅವರಿಗೆ ಮನವರಿಕೆಯಾಯಿತು.

ಲಂಡನ್ನಿನ ಮಳಿಗೆಯೊಂದರಲ್ಲಿ ಮೆಕ್ಯಾನೊ ಆಟಿಕೆಯನ್ನು ಕಂಡದ್ದೂ ಆಗಲೇ. ಅವೇ ಪಟ್ಟಿ, ಗಾಲಿ, ತಿರುಪುಗಳಿಂದ ಬೇರೆ ಬೇರೆ ಆಟಿಕೆಗಳನ್ನು ಜೋಡಿಸುವುದನ್ನು ನೋಡಿದ ಗಣಿತಜ್ಞನಿಗೆ, ಜ್ಞಾನದ ವಿಷಯಗಳನ್ನೂ ಹೀಗೆಯೇ ಬಿಡಿಭಾಗಗಳಾಗಿ ಬಿಡಿಸಿ ಜೋಡಿಸಬಹುದಲ್ಲ ಎನ್ನಿಸಿತು. 1933ರಲ್ಲಿ ಪ್ರಕಟವಾದ ಕೋಲನ್ ವರ್ಗೀಕರಣ ಪದ್ಧತಿಗೆ ಬೀಜ ಬಿದ್ದದ್ದು ಹೀಗೆ. 1925ರಲ್ಲಿ ಮದರಾಸಿಗೆ ಮರಳಿದವರು ಮತ್ತೆ ಗಣಿತದ ತರಗತಿಯ ಕಡೆಗೆ ತಿರುಗಿ ನೋಡಲಿಲ್ಲ.

ಕಳ್ಳತನದ ಲೆಕ್ಕಾಚಾರ

ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಅವರು ಕೈಗೊಂಡ ಮುಖ್ಯ ಸುಧಾರಣೆಯೇ ಮುಕ್ತ ಪ್ರವೇಶ. ಓದುಗ ಚೀಟಿ ಬರೆದುಕೊಟ್ಟು, ಜವಾನ ಒಳಗಿನಿಂದ ತಂದುಕೊಡುವವರೆಗೆ ಕಾಯುವ ಪದ್ಧತಿಗೆ ಬದಲಾಗಿ ಓದುಗನೇ ಕಪಾಟಿನ ಬಳಿ ಹೋಗಬಹುದು ಎಂದಾಯಿತು. ಪುಸ್ತಕಗಳು ಕಳುವಾದರೆ ಹೊಣೆ ಯಾರು ಎಂಬುದು ಆ ಕಾಲದ ಗ್ರಂಥಾಲಯಗಳಲ್ಲಿ ಎಲ್ಲೆಡೆ ಕೇಳಿಬರುತ್ತಿದ್ದ ಆಕ್ಷೇಪ. ನಮ್ಮಲ್ಲಿ ಗ್ರಂಥಾಲಯದ ಪುಸ್ತಕ ಸರಕಾರದ ಸೊತ್ತು. ವಾರ್ಷಿಕ ತಪಾಸಣೆಯಲ್ಲಿ ಕಡಿಮೆ ಬಿದ್ದರೆ ಗ್ರಂಥಪಾಲಕನ ಸಂಬಳಕ್ಕೆ ಕತ್ತರಿ ಬೀಳುವ ಭಯ. ಹೀಗಾಗಿ ಪುಸ್ತಕವನ್ನು ಯಾರಿಗೂ ಕೊಡದಿರುವುದೇ ಜಾಣತನವೆನಿಸುತ್ತಿತ್ತು.

ರಂಗನಾಥನ್ ಇದನ್ನು ಗಣಿತದ ಸಮಸ್ಯೆಯಂತೆ ಬಿಡಿಸಿದರು. ಕಳ್ಳತನ ನಡೆಯುವುದೇ ಇಲ್ಲ ಎಂದು ಅವರು ವಾದಿಸಲಿಲ್ಲ. ಓದುಗರೆಲ್ಲ ಸಜ್ಜನರೆಂದೂ ನಂಬಿರಲಿಲ್ಲ. ಪುಟ ಹರಿಯುವವರು, ಪರೀಕ್ಷೆಗೆ ಬೇಕಾದ ಪುಸ್ತಕವನ್ನು ತಮಗಷ್ಟೇ ಸಿಗುವಂತೆ ಬೇರೆ ಕಪಾಟಿನಲ್ಲಿ ಅಡಗಿಸಿಡುವವರು ಇದ್ದಾರೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ವರ್ಷಕ್ಕೆ ಕಳೆದುಹೋಗುವ ಪುಸ್ತಕಗಳ ಬೆಲೆಯನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಪ್ರತಿ ಪುಸ್ತಕವನ್ನೂ ತೆಗೆದುಕೊಡಲು ಬೇಕಾಗುವ ಸಿಬ್ಬಂದಿಯ ಸಂಬಳ ಮತ್ತು ಓದುಗರು ಕಾಯುತ್ತ ಕಳೆಯುವ ವೇಳೆಯನ್ನು ಇನ್ನೊಂದರಲ್ಲಿಟ್ಟರೆ ಎರಡನೆಯ ತಟ್ಟೆಯೇ ಭಾರವಾಗುತ್ತದೆ ಎಂದು ತೋರಿಸಿದರು. ಎಲ್ಲಕ್ಕಿಂತ ದೊಡ್ಡ ನಷ್ಟ ಯಾವ ತಪಾಸಣೆಯಲ್ಲೂ ಕಾಣದು. ಒಮ್ಮೆಯೂ ತೆರೆಯದೆ ಹುಳು ಹಿಡಿದ ಪುಸ್ತಕ ಲೆಕ್ಕದಲ್ಲಿ ಸುರಕ್ಷಿತ, ಓದುಗನ ಪಾಲಿಗೆ ಕಳುವಾದದ್ದೇ.

ಎಚ್ಚರಿಕೆಯನ್ನು ಅವರು ಕೈಬಿಡಲಿಲ್ಲ. ಒಳಬರಲು, ಹೊರಹೋಗಲು ಸಿಬ್ಬಂದಿಯ ಕಣ್ಣೆದುರಿನ ಕಿರುಬಾಗಿಲು ಮಾತ್ರ ಇರಬೇಕು, ಕಿಟಕಿಗಳಿಗೆ ತಂತಿಬಲೆ ಬೇಕು, ಕಪಾಟುಗಳ ಕ್ರಮವನ್ನು ನಿತ್ಯ ಸರಿಪಡಿಸುತ್ತಿರಬೇಕು ಎಂದು ವಿಧಿಸಿದರು. ಅಪರೂಪದ ಹಾಗೂ ಶಿಥಿಲ ಗ್ರಂಥಗಳಿಗೆ ಪ್ರತ್ಯೇಕ ವ್ಯವಸ್ಥೆ ಬೇಕೆಂಬುದನ್ನೂ ಒಪ್ಪಿದರು. ಅವರ ವರ್ಗೀಕರಣವೂ ಒಂದು ಬಗೆಯ ಪತ್ತೇದಾರಿಯೇ. ಪ್ರತಿ ಪುಸ್ತಕಕ್ಕೂ ಬೇರಾವ ಪುಸ್ತಕಕ್ಕೂ ಇಲ್ಲದ ಒಂದು ಸಂಖ್ಯೆ, ಒಂದೇ ಜಾಗ. ಪುಸ್ತಕ ಅಲ್ಲಿಲ್ಲವೆಂದರೆ ಅದರ ಗೈರುಹಾಜರಿ ಕೂಡಲೇ ಕಣ್ಣಿಗೆ ಬೀಳುತ್ತದೆ.

ದುಃಖದ ವರ್ಷ, ಐದು ಸೂತ್ರಗಳು

1928 ಅವರ ಬದುಕಿನ ಕಠಿಣ ವರ್ಷ. ಬಾಲ್ಯದಲ್ಲೇ ಕೈಹಿಡಿದಿದ್ದ ಪತ್ನಿ ರುಕ್ಮಿಣಿ, ಮದರಾಸಿನ ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿ ದೇವಾಲಯದ ಕೊಳದಲ್ಲಿ ಕಾಲುಜಾರಿ ಬಿದ್ದು ಅಸುನೀಗಿದರು. ಅದೇ ವರ್ಷಾಂತ್ಯದಲ್ಲಿ, ತಾವು ಬಹುಕಾಲದಿಂದ ತಡಕಾಡುತ್ತಿದ್ದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಅವರು ಮೊದಲ ಬಾರಿಗೆ ಉಪನ್ಯಾಸಗಳಲ್ಲಿ ಮಂಡಿಸಿದರು. ಸೂತ್ರಗಳಿಗೆ ರೂಪ ಕೊಡಲು ಚಡಪಡಿಸುತ್ತಿದ್ದಾಗ ಮೊದಲನೆಯದನ್ನು ಹೊಳೆಯಿಸಿದವರು ಗುರು ರಾಸ್. ಗ್ರಂಥ ಅಚ್ಚಾಗಿ ಬಂದದ್ದು 1931ರಲ್ಲಿ. ಪುಸ್ತಕದ ಸಾರ್ಥಕ್ಯ ಬಳಕೆಯಲ್ಲಿದೆ ಎಂಬ ನೆಲೆಯಿಂದ ಹೊರಟು, ಓದುಗನ ಹಕ್ಕು, ಪುಸ್ತಕದ ಹಕ್ಕು, ಓದುಗನ ವೇಳೆಯ ಬೆಲೆ, ಗ್ರಂಥಾಲಯದ ನಿರಂತರ ಬೆಳವಣಿಗೆ ಇವುಗಳವರೆಗೆ ಆ ಸೂತ್ರಗಳು ಸಾಗುತ್ತವೆ. ಅದೇ 1931ರಲ್ಲಿ ಮನ್ನಾರ್‌ಗುಡಿಯ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕ ಹೊತ್ತೊಯ್ಯುವ ಸಂಚಾರಿ ಗ್ರಂಥಾಲಯವೂ ಹೊರಟಿತು. ಬೀಗವಿಲ್ಲದ ಕಪಾಟು ಈಗ ಗಾಲಿಯ ಮೇಲಿತ್ತು.

1929ರಲ್ಲಿ ಅವರು ಶಾರದಾ ಅವರನ್ನು ವರಿಸಿದರು. ಗ್ರಂಥಾಲಯವನ್ನೇ ಮನೆಮಾಡಿಕೊಂಡ ಗಂಡನ ಸಂಸಾರವನ್ನು ಆಕೆ ನಡೆಸಿದರು. ಪತ್ನಿಯ ಹೆಸರಿನಲ್ಲಿ ಗ್ರಂಥಾಲಯ ವಿಜ್ಞಾನದ ಪೀಠ ಸ್ಥಾಪಿಸಲು ರಂಗನಾಥನ್ ತಮ್ಮ ಉಳಿತಾಯದ 1 ಲಕ್ಷ ರೂಪಾಯಿಯನ್ನು 1956ರಲ್ಲಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ನೀಡಿದರು.

ಬೆಂಗಳೂರಿನ ಕೊನೆಯ ದಿನಗಳು

ಎರಡು ದಶಕಗಳ ದುಡಿಮೆಯ ಬಳಿಕ ಮದರಾಸಿನ ಹುದ್ದೆಯಿಂದ ಬಿಡುಗಡೆ ಪಡೆದು, 1945ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿನ ಸುಮಾರು 1 ಲಕ್ಷ ಪುಸ್ತಕಗಳ ವರ್ಗೀಕರಣದ ಭಾರವನ್ನು ಅವರೇ ಹೊತ್ತರು. 1947ರಿಂದ ದೆಹಲಿ, 1955ರಿಂದ ಜ್ಯೂರಿಕ್. ಅವರು ವರ್ಷಗಟ್ಟಲೆ ಪಟ್ಟುಹಿಡಿದ ಫಲವಾಗಿ 1948ರಲ್ಲಿ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯಿದೆ ಜಾರಿಗೆ ಬಂತು. ಮಂಗಳೂರು ಆಗಿನ್ನೂ ಮದರಾಸು ಪ್ರಾಂತ್ಯದಲ್ಲೇ ಇತ್ತು ಎಂಬುದನ್ನು ನೆನೆಯಬೇಕು.

1957ರಲ್ಲಿ ಅವರು ಬೆಂಗಳೂರಿನಲ್ಲಿ ನೆಲೆಸಿದರು. ಪದ್ಮಶ್ರೀ ಬಂದದ್ದೂ ಅದೇ ವರ್ಷ. 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. 1965ರಲ್ಲಿ ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರಾದರು. ಅದೇ ವರ್ಷ ರೂಪುಗೊಂಡ ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಹಿಂದೆ ಅವರ ಚಿಂತನೆಯ ಪ್ರೇರಣೆಯಿತ್ತು. ಆಸ್ತಿ ತೆರಿಗೆಯೊಂದಿಗೆ ನಾವು ಕಟ್ಟುವ ಗ್ರಂಥಾಲಯ ಕರ ಆ ಕಾಯಿದೆಯ ಕೊಡುಗೆ. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲೇ ರಂಗನಾಥನ್ ಕೊನೆಯುಸಿರೆಳೆದರು.

ಅವರ ಲೆಕ್ಕಾಚಾರವನ್ನು ಸರಕಾರದ ನಿಯಮಗಳೂ ಒಂದು ಮಟ್ಟಿಗೆ ಒಪ್ಪಿಕೊಂಡಿವೆ. ಕೇಂದ್ರ ಸರಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ, ವರ್ಷವೊಂದರಲ್ಲಿ ಓದುಗರ ಕೈಗೆ ಹೋದ ಪ್ರತಿ 1,000 ಸಂಪುಟಗಳಿಗೆ 5 ಕಳೆದರೆ ಅದನ್ನು ಸಹಜ ನಷ್ಟವೆಂದು ಪರಿಗಣಿಸಬಹುದು. ಅಪ್ರಾಮಾಣಿಕತೆ, ಅಲಕ್ಷ್ಯ ಮಾತ್ರ ಕಾರಣವಾಗಿರಬಾರದು. ಅಪರೂಪದ ಪುಸ್ತಕ ಕಳೆದರೆ ವಿಚಾರಣೆ ಕಡ್ಡಾಯ. ಹೀಗಿದ್ದೂ ಎಷ್ಟೋ ಶಾಲಾ ಕಾಲೇಜುಗಳಲ್ಲಿ ಕಪಾಟಿನ ಕೀಲಿ ಇಂದಿಗೂ ಮೇಜಿನ ಸೆಳೆಖಾನೆಯಲ್ಲೇ ಭದ್ರವಾಗಿದೆ. ಮಕ್ಕಳು ಗಾಜಿನ ಹೊರಗಿನಿಂದ ಪುಸ್ತಕದ ಬೆನ್ನುಗಳನ್ನಷ್ಟೇ ಓದುತ್ತಾರೆ.

ಕುದ್ರೋಳಿಯಿಂದ ಹಂಪನಕಟ್ಟೆಯ ಕಡೆಗೆ ಹೋಗುವವರು ಕಾಲೇಜಿನ ಹಳೆಯ ಕಟ್ಟಡವನ್ನು ಕಂಡಾಗ, ಅಲ್ಲಿ ಮೂರು ವರ್ಷ ಲೆಕ್ಕ ಹೇಳಿಕೊಟ್ಟ ಮೇಷ್ಟರನ್ನು ಒಮ್ಮೆ ಸ್ಮರಿಸಬಹುದು. ಅವರಿಗೆ ಸಲ್ಲಬೇಕಾದ ಗೌರವ ಪ್ರತಿಮೆಯಲ್ಲಿಲ್ಲ. ನಮ್ಮೂರಿನ ಯಾವುದಾದರೂ ಶಾಲೆಯಲ್ಲಿ ಒಂದು ಕಪಾಟಿನ ಬೀಗ ತೆರೆದರೆ ಸಾಕು.